ಗುಂಪುಮಣಿದರ್ಪಣಂ

ಪೀಠಿಕೆ

ಹದಿಮೂರನೆಯ ಶತಮಾನದಲ್ಲಿ ಕೇಶಿರಾಜ 'ಶಬ್ದಮಣಿದರ್ಪಣ' ಬರೆಯಲು ಕೂತಾಗ ಅವನ ಮುಂದಿದ್ದದ್ದು ಒಂದೇ ಭಾಷೆ. ಹಾಗಾಗಿ ಕಂದಪದ್ಯದಲ್ಲಿ ಸೂತ್ರ ಕಟ್ಟಿ, ಕೆಳಗೆ ತಾನೇ ವೃತ್ತಿಯನ್ನೂ ಬರೆಯುವಷ್ಟು ಪುರುಸೊತ್ತು ಅವನಿಗೆ ಸಿಕ್ಕಿತು. ನನ್ನ ಮುಂದಿರುವುದು ಬೆಂಗಳೂರಿನ ಪೂರ್ವದ ಅಂಚಿನಲ್ಲಿರುವ ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪು. ಮನೆಮಾತು ಆರು, ಲಿಪಿ ಲೆಕ್ಕವಿಲ್ಲ. ಕನ್ನಡ ಚೆನ್ನಾಗಿ ಬರುತ್ತದೆಂಬ, ಅಂದರೆ ಟ್ಯಾಂಕರಿನವನ ಹತ್ತಿರ ಜಗಳ ಕಾಯಬಲ್ಲನೆಂಬ ಏಕೈಕ ಅರ್ಹತೆಯ ಮೇಲೆ ನನ್ನನ್ನು ಅವಿರೋಧವಾಗಿ ಅಡ್ಮಿನ್ ಮಾಡಲಾಗಿದೆ.

ಕನ್ನಡದೊಳಗಿನ ಬಗೆಬಗೆಯ ಕನ್ನಡಗಳ ದೋಷ ಎಣಿಸಹೊರಟರೆ ವಾಸುಕಿಗೂ ಬೇಸರ ಬಂದೀತೆಂದು ಒಂಬತ್ತನೆಯ ಶತಮಾನದಲ್ಲೇ 'ಕವಿರಾಜಮಾರ್ಗ' ಕೈಚೆಲ್ಲಿದೆ. ವಾಸುಕಿಗೆ ಬೇಸರ ಬಂದರೆ ಗುಂಪು ಬಿಟ್ಟು ಹೋಗಬಹುದಿತ್ತು. ಅಡ್ಮಿನ್‌ಗೆ ಆ ಭಾಗ್ಯವಿಲ್ಲ. ಆದ್ದರಿಂದ ಈ ಶಾಸ್ತ್ರ.

ಸಂಧಿ ಪ್ರಕರಣಂ

*ಸೂತ್ರ: ಬರ್ಪುದಾಗಮಂ, ಪೋಪುದು ಲೋಪಂ, ಅಡ್ಮಿನ್ನಿನ ಮಾತಾದೇಶಂ.*

ವೃತ್ತಿ: ಹೊಸ ಬಾಡಿಗೆದಾರರನ್ನು ಗುಂಪಿಗೆ ಸೇರಿಸುವುದು ಆಗಮ ಸಂಧಿ. ಗುಂಪಿನ ಮಿತಿ 2016ರಲ್ಲಿ 256 ಇದ್ದದ್ದು 2022ರಲ್ಲಿ 1024ಕ್ಕೆ ಏರಿತು. ಅಂದಿನಿಂದ ಜಾಗದ ಅಭಾವವಿಲ್ಲ. ಮನೆ ಖಾಲಿ ಮಾಡಿ ಪುಣೆ ಸೇರಿದವರೂ ಇನ್ನೂ ನಮ್ಮ ಲಿಫ್ಟಿನ ಬಗ್ಗೆ ಅಭಿಪ್ರಾಯ ಕೊಡುತ್ತಾರೆ.

ಬರೆದದ್ದನ್ನು ಎಲ್ಲರಿಗೂ ಕಾಣದಂತೆ ಅಳಿಸುವುದು ಲೋಪ ಸಂಧಿ. 2017ರಲ್ಲಿ ಈ ಸವಲತ್ತು ಬಂದಾಗ ಗಡುವು ಏಳು ನಿಮಿಷ. ಈಗ ಎರಡು ದಿನಕ್ಕೂ ಮಿಕ್ಕಿ. ಕೋಪ ಇಳಿಯಲು ಏಳು ನಿಮಿಷ ಸಾಕು. ಒಂದು ಭಾಷೆಯ ಬೈಗುಳ ಇನ್ನೊಂದು ಭಾಷೆಯವರಿಗೆ ಅರ್ಥವಾಗಲು ಎರಡು ದಿನ ಬೇಕು. ಕಂಪನಿಯವರಿಗೆ ಇದು ತಡವಾಗಿ ಹೊಳೆದಿರಬೇಕು. ಅರ್ಥ ಕೆಡದಂತಿದ್ದರೆ ಮಾತ್ರ ಲೋಪ ಎಂದು ನಮ್ಮ ಮೇಷ್ಟ್ರು ಬಾಯಿಪಾಠ ಮಾಡಿಸಿದ್ದರು. ಗುಂಪಿನಲ್ಲಿ ಲೋಪವಾದ ಮೇಲೆಯೇ ಅರ್ಥ ಬೆಳೆಯಲು ಶುರುವಾಗುತ್ತದೆ.

ಒಂದರ ಜಾಗಕ್ಕೆ ಇನ್ನೊಂದು ಬಂದು ಕೂರುವುದು ಆದೇಶ ಸಂಧಿ. ಖಜಾಂಚಿಗಳ ವಿಷಯದಲ್ಲಿ ಇದು ವರ್ಷಕ್ಕೊಮ್ಮೆ ನಡೆಯುತ್ತದೆ. ಕ, ತ, ಪ ಹೋಗಿ ಗ, ದ, ಬ ಬರುವಂತೆ ಬಿರುಸಾದವರು ಹೋಗಿ ಮೆದುವಾದವರು ಬರಬೇಕು. ಉದಾಹರಣೆ ಇನ್ನೂ ದೊರೆತಿಲ್ಲ.

ನಾಮ ಪ್ರಕರಣಂ

*ಸೂತ್ರ: ಕರೆವ ಪೆಸರೊಳಿರ್ಪುದು ಕಲಹಬೀಜಂ.*

ವೃತ್ತಿ: ಸಂಬೋಧನೆಯಲ್ಲಿ 'ಅವರೇ', 'ಗಾರು', 'ಜೀ', 'ಚೇಟ್ಟಾ' ಎಂಬ ಪ್ರತ್ಯಯಗಳುಂಟು. ಯಾವುದು ಯಾರಿಗೆಂದು ತಿಳಿಯದಿದ್ದಾಗ 'ಸಾರ್' ಬಳಸತಕ್ಕದ್ದು.

ಪ್ರಯೋಗ: ನಮ್ಮ ಕೆಳಗಿನ ಮನೆ 304. ಅಲ್ಲಿರುವವರು ಬಂಗಾಳದಿಂದ ಬಂದ ನಿವೃತ್ತ ಮೇಷ್ಟ್ರು. ನಾನು ಅಡ್ಮಿನ್ ಆದ ದಿನ ಗುಂಪಿನಲ್ಲಿ ನನ್ನನ್ನು 'ದಾದಾ' ಎಂದು ಸಂಬೋಧಿಸಿ ಶುಭಾಶಯ ಕೋರಿದರು. ಅವರ ಕಡೆ ಅದು ಅಣ್ಣ. ಹಿಂದಿಯವರ ಮನೆಯಲ್ಲಿ ಅಜ್ಜ. ಊರಿಂದ ಬಂದಿದ್ದ ನಮ್ಮಮ್ಮ ಮೊಬೈಲು ನೋಡಿ, "ಅಡ್ಮಿನ್ ಆಗಿ ಒಂದು ದಿನ ಆಗಿಲ್ಲ, ಆಗಲೇ ರೌಡಿ ಅಂತ ಹೆಸರು ತಗೊಂಡ್ಯೇನೋ" ಎಂದು ಕಣ್ಣೀರು ಹಾಕಿದರು.

ಅಪಭ್ರಂಶ ಪ್ರಕರಣಂ

*ಸೂತ್ರ: ಶಬ್ದಮೊಂದು, ಅರ್ಥಮಾಱು, ಜಗಳಂ ನೂಱು.*

ವೃತ್ತಿ: ಸಂಸ್ಕೃತ ಎಲ್ಲರ ಮನೆಗೂ ನೆಂಟನಾಗಿ ಹೋಗಿದೆ, ಆದರೆ ಒಂದೊಂದು ಮನೆಯಲ್ಲಿ ಒಂದೊಂದು ವೇಷ. 'ಸಂಸಾರ' ನಮಗೆ ಹೆಂಡತಿ-ಮಕ್ಕಳು, ಹಿಂದಿಯವರಿಗೆ ಇಡೀ ಜಗತ್ತು, ತಮಿಳರಿಗೆ ಹೆಂಡತಿಯೊಬ್ಬಳೇ, ಮಲಯಾಳಿಗಳಿಗೆ ಬರೀ ಮಾತುಕತೆ. ಆದ್ದರಿಂದ ಕೇರಳದವರು ಲಿಫ್ಟಿನಲ್ಲಿ "ಸ್ವಲ್ಪ ಸಂಸಾರಿಸಬೇಕಿತ್ತು" ಎಂದರೆ ಗಾಬರಿಯಾಗಕೂಡದು. 'ಅವಸರ' ನಮಗೆ ತರಾತುರಿ, ತೆಲುಗರಿಗೆ ಅಗತ್ಯ, ಹಿಂದಿಯವರಿಗೆ ಸದವಕಾಶ. ಇವರು ಮೂವರೂ ಸೇರಿ ಪ್ಲಂಬರನನ್ನು ಕರೆಸಿದರೆ ಅವನು ಯಾವಾಗ ಬರಬೇಕು?

ಪ್ರಯೋಗ 1: ಹಿಂದಿ ಮಾತಾಡುವ ಖಜಾಂಚಿ ಪೇಂಟಿಂಗಿನ ಪಟ್ಟಿ ಹಾಕಿ, ತಲೆಬರಹದಲ್ಲಿ 'ಅನುಮಾನಿತ ಖರ್ಚು' ಎಂದು ಬರೆದರು. ಅವರ ಭಾಷೆಯಲ್ಲಿ ಅದು ಅಂದಾಜು ವೆಚ್ಚ. ಕನ್ನಡದವರೆಲ್ಲ ಅದನ್ನು 'ಅನುಮಾನ ಬರುವಂಥ ಖರ್ಚು' ಎಂದೇ ಓದಿಕೊಂಡು, ಇಷ್ಟು ಪ್ರಾಮಾಣಿಕ ಖಜಾಂಚಿಯನ್ನು ಕಂಡೇ ಇಲ್ಲವೆಂದು ಕೊಂಡಾಡಿದರು.

ಪ್ರಯೋಗ 2: 2024ರ ಬೇಸಿಗೆ. ಬೋರ್‌ವೆಲ್ ಬತ್ತಿ ಊರಿಗೆ ಊರೇ ಟ್ಯಾಂಕರಿಗೆ ಕಾಯುತ್ತಿದ್ದ ಕಾಲ. ಒಂದು ರಾತ್ರಿ ಹನ್ನೊಂದೂವರೆಗೆ ಟ್ಯಾಂಕರು ಬಂದು, ಬೇಸ್‌ಮೆಂಟಿನ ಸಂಪಿಗೆ ಪೈಪು ಬಿಟ್ಟಿತು. ಸಂತೋಷ ತಡೆಯದೆ ಮಲಯಾಳಿ ಗೃಹಸ್ಥರೊಬ್ಬರು "ಬೇಸ್‌ಮೆಂಟಿಲ್ ವೆಳ್ಳಂ ವನ್ನು" ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಗುಂಪಿಗೆ ಹಾಕಿದರು. ಮಲಯಾಳದಲ್ಲಿ ವೆಳ್ಳಂ ಅಂದರೆ ನೀರು. ತಮಿಳಿನಲ್ಲಿ ಪ್ರವಾಹ. ಐದೇ ನಿಮಿಷದಲ್ಲಿ ಮೂವರು ತಮಿಳರು ಪಂಚೆ ಎತ್ತಿ ಕಟ್ಟಿ, ಕಾರಿನ ಕೀ ಹಿಡಿದು ಬೇಸ್‌ಮೆಂಟಿಗೆ ಓಡಿಬಂದರು. ಪೈಪಿನ ಜಾಯಿಂಟಿನಿಂದ ತೊಟ್ಟಿಕ್ಕುತ್ತಿದ್ದ ನೀರಿನಲ್ಲಿ ವಾಚ್‌ಮನ್ ಕಾಲು ತೊಳೆಯುತ್ತ ನಿಂತಿದ್ದ. ಇಂಗ್ಲಿಷ್ ಅಕ್ಷರಕ್ಕೆ ಲ-ಳ ಭೇದವಿಲ್ಲದ್ದರಿಂದ ಆ ಪದವನ್ನು ತಮಿಳಿನಲ್ಲಿ ಬೆಲ್ಲವೆಂದೂ ಓದಬಹುದು. ಹಾಗೆ ಓದಿದ ಎರಡನೇ ಮಹಡಿಯ ಪಾಟಿ, ಕೆ.ಜಿ. ಎಷ್ಟು ಎಂದು ವಿಚಾರಿಸಿದರು. ಆ ವರ್ಷದ ಬರಗಾಲದಲ್ಲಿ ನೆರೆ ಕಂಡ ಬೇಸ್‌ಮೆಂಟು ನಮ್ಮದೊಂದೇ ಇರಬೇಕು.

ಅವ್ಯಯ ಪ್ರಕರಣಂ

*ಸೂತ್ರ: ಮುಗಿದ ಕಯ್ಯೇ ಸರ್ವಾರ್ಥಸಾಧಕಂ.*

ವೃತ್ತಿ: ಲಿಂಗ, ವಚನ, ವಿಭಕ್ತಿಗಳಿಗೆ ಬಗ್ಗದ್ದು ಅವ್ಯಯ. ಗುಂಪಿನ ಅವ್ಯಯಗಳಲ್ಲಿ ಎತ್ತಿದ ಹೆಬ್ಬೆರಳಿಗಿಂತ ಕೈಮುಗಿದ ಚಿತ್ರವೇ ಶ್ರೇಷ್ಠ. ಮಗು ಹುಟ್ಟಿದರೆ ಅದೇ, ಯಾರಾದರೂ ತೀರಿಕೊಂಡರೆ ಅದೇ, ಮೇಂಟೆನೆನ್ಸ್ ಕಟ್ಟಿದರೆ ಅದೇ, ಕಟ್ಟಲಾರೆ ಎಂದರೂ ಅದೇ. ಅರ್ಥವಾಗದ ಮಾತಿಗೆ ಇದಕ್ಕಿಂತ ಮರ್ಯಾದೆಯ ಉತ್ತರವನ್ನು ಯಾವ ಭಾಷೆಯೂ ಇನ್ನೂ ಕಂಡುಹಿಡಿದಿಲ್ಲ.

ಪ್ರಯೋಗ: 304ರ ಮೇಷ್ಟ್ರು ಪ್ರತಿ ಭಾನುವಾರ ಬೆಳಿಗ್ಗೆ ಬಂಗಾಳಿಯಲ್ಲಿ ಉದ್ದದ ಬರಹವೊಂದನ್ನು ಹಾಕುತ್ತಿದ್ದರು. ತಂತಿಯ ಮೇಲೆ ಬಟ್ಟೆ ಒಣಹಾಕಿದಂತೆ ಸಾಲು ಸಾಲು ಅಕ್ಷರ, ಕೊನೆಗೆ ಭಾವುಕವಾದ ಮೂರು ಆಶ್ಚರ್ಯಚಿಹ್ನೆ. ರವೀಂದ್ರರದ್ದೇ ಇರಬೇಕೆಂದು ನಾನು ಕೈಮುಗಿದೆ. ಅಡ್ಮಿನ್ ಮುಗಿದನೆಂದು ಉಳಿದವರೂ ಮುಗಿದರು. ಹೀಗೆ ಎರಡು ವರ್ಷ.

ಸಿದ್ಧಾಂತ

ಗೂಗಲ್ ಅನುವಾದದ ಪಟ್ಟಿಗೆ ಬಂಗಾಳಿ, ಕನ್ನಡಗಳೆರಡೂ ಸೇರಿದ್ದು 2011ರಲ್ಲೇ. ಆದರೂ ಅದನ್ನು ನಮ್ಮ ಗುಂಪಿಗೆ ತಗಲಿಸಿದ್ದು ಹೋದ ವರ್ಷ ಏಳನೇ ಮಹಡಿಯ ಹುಡುಗ. ರಜೆಯಲ್ಲಿ ಮಾಡಲು ಬೇರೆ ಕೆಲಸವಿಲ್ಲದೆ ಅವನು ಭಾನುವಾರದ ಬರಹವೊಂದನ್ನು ಕನ್ನಡಕ್ಕಿಳಿಸಿ ನನಗೆ ಕಳಿಸಿದ. ಅದರಲ್ಲಿ ರವೀಂದ್ರರಿರಲಿಲ್ಲ, ನಾನಿದ್ದೆ. ನಮ್ಮ ಬಚ್ಚಲಿನ ನೀರು ಅವರ ದೇವರ ಕೋಣೆಗೆ ಸೋರುತ್ತಿದೆ ಎಂಬುದೇ ಎರಡು ವರ್ಷದ ಅಷ್ಟೂ ಭಾನುವಾರಗಳ ಸಾರಾಂಶ. ಮೊದಲು ಇಂಗ್ಲಿಷಿನಲ್ಲಿ ಬರೆದಾಗ ಯಾರೂ ಉತ್ತರಿಸಲಿಲ್ಲವಂತೆ. ಹೊಟ್ಟೆಯುರಿ ತಾಳದೆ ಬಂಗಾಳಿಯಲ್ಲಿ ಬರೆದರೆ ವಾರವಾರವೂ ನಮಸ್ಕಾರಗಳ ಮಳೆ. ನಾನು ಮುಗಿದ ಕೈಯನ್ನು ಅವರು ಕ್ಷಮಾಪಣೆ ಎಂದುಕೊಂಡು, "ಪಾಪ, ಏನೋ ಕಷ್ಟವಿರಬೇಕು" ಎಂದು ತಡೆದುಕೊಂಡಿದ್ದರು.

ಎಲ್ಲವೂ ಅರ್ಥವಾದ ಮೇಲೆ ಪ್ಲಂಬರು ಬಂದ, ಟೈಲ್ಸ್ ಒಡೆಸಿದ್ದಾಯಿತು. ಖರ್ಚು ಯಾರದೆಂದು ಮೂರು ಪಂಚಾಯಿತಿ ನಡೆದವು. ಈಗ ಸೋರುವುದು ನಿಂತಿದೆ. ಜೊತೆಗೆ ನಾವಿಬ್ಬರು ಒಂದೇ ಲಿಫ್ಟಿನಲ್ಲಿ ಇಳಿಯುವುದೂ.

ಆದ್ದರಿಂದ ಸಿದ್ಧಾಂತವೇನೆಂದರೆ: ಭಾಷೆ ಬೇರೆಯಾದ್ದರಿಂದ ಗುಂಪು ಒಡೆಯುತ್ತದೆಂಬುದು ಪೂರ್ವಪಕ್ಷ. ಅದು ತಪ್ಪು. ಬೇರೆಯಾದ್ದರಿಂದಲೇ ಉಳಿಯುತ್ತದೆ. ಪ್ರತ್ಯುದಾಹರಣೆ ಬೇಕಾದವರು ನಮ್ಮ ವಂಶದ ಗುಂಪನ್ನು ನೋಡಬಹುದು. ಒಂದೇ ಊರು, ಒಂದೇ ಗೋತ್ರ, ಒಂದೇ ಕನ್ನಡ. ತೋಟದ ಬೇಲಿಯ ಬಗ್ಗೆ ಚಿಕ್ಕಪ್ಪ ಎರಡೇ ಸಾಲು ಬರೆದರು. ಯಾರಿಗೂ ಒಂದಕ್ಷರದ ಸಂದೇಹ ಬರಲಿಲ್ಲ. ಸಂಜೆಯ ಹೊತ್ತಿಗೆ ಗುಂಪು ಮೂರಾಗಿತ್ತು.

ಫಲಶ್ರುತಿ

ಹೋದ ಭಾನುವಾರ ಬಹಳ ದಿನದ ಮೇಲೆ 304ರಿಂದ ಬಂಗಾಳಿಯಲ್ಲಿ ಉದ್ದದ ಬರಹವೊಂದು ಬಂತು. ಕೊನೆಯಲ್ಲಿ ಅದೇ ಮೂರು ಆಶ್ಚರ್ಯಚಿಹ್ನೆ. ಅನುವಾದದ ಗುಂಡಿ ಬೆರಳ ಹತ್ತಿರವೇ ಇತ್ತು. ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ಬಿಗಿ ಮಾಡಿ ಬಂದೆ. ಆಮೇಲೆ ಕೈಮುಗಿದೆ.

ರವೀಂದ್ರರದ್ದೇ ಇರಬೇಕು.