ಅಗ್ಗದ ಬಿಬಿಯ ಬಾಳಿಕೆ: ಉತ್ತರ ಬೆಂಗಳೂರಿನ ನೆಲೆಯಲ್ಲೊಂದು ತಾತ್ವಿಕ ಅನುಸಂಧಾನ

ಮೌಂಟನ್ ಸೈಕಲ್ಲಿನ ಬಾಟಮ್ ಬ್ರಾಕೆಟ್, ಅಂದರೆ ಎರಡು ಪೆಡಲುಗಳ ನಡುವೆ ಆಕ್ಸಲ್ ಹೊತ್ತು ಕೂತಿರುವ ಬೇರಿಂಗು, ಎಂಬ ವಸ್ತುವನ್ನು ಅದರ ಬಹುಮುಖಿ ಆಯಾಮಗಳಲ್ಲಿ ಮುಖಾಮುಖಿಯಾಗುವುದೇ ಪ್ರಸ್ತುತ ಮಹಾಪ್ರಬಂಧದ ಆಶಯ. ಯಲಹಂಕದಿಂದ ಆರ್.ಟಿ. ನಗರದವರೆಗಿನ ಮೆಕ್ಯಾನಿಕ್ಕುಗಳು ಇದನ್ನು ‘ಬಿಬಿ’ ಎಂದಷ್ಟೇ ಕರೆದು ಸುಮ್ಮನಾಗಿರುವುದರಿಂದ ಈ ಕ್ಷೇತ್ರದಲ್ಲಿ ಗಂಭೀರ ಸೈದ್ಧಾಂತಿಕ ನಿರ್ವಾತ ಉಂಟಾಗಿದೆ ಎಂಬುದು ಸಂಶೋಧಕರ ಅಭಿಮತ. ಅದನ್ನು ತುಂಬಲು ಅವರು ಸಿದ್ಧರಿದ್ದಾರೆ. ಅನುದಾನ ಬರಬೇಕಷ್ಟೆ.

ಅವರ ಪ್ರಕಾರ ಬಿಬಿಗಳಲ್ಲಿ ನಾಲ್ಕು ದರ್ಶನಗಳು. ಮೊದಲನೆಯದು ದ್ವೈತ: ಕಪ್ ಬೇರೆ, ಗುಂಡು ಬೇರೆ, ಆಕ್ಸಲ್ ಬೇರೆ, ಒಂದೊಂದು ಬದಿಗೆ ಕಾಲಿಂಚಿನ 11 ಗುಂಡು, ಮೇಲೆ ಗ್ರೀಸು. ಎರಡನೆಯದು ಅದ್ವೈತ: ಎಲ್ಲವೂ ಒಂದೇ ಕೊಳವೆಯಲ್ಲಿ ಲೀನವಾದ ಸೀಲ್ಡ್ ಕಾರ್ಟ್ರಿಜ್. ಒಳಗೇನಿದೆ ಎಂದು ಬಿಚ್ಚಿ ನೋಡುವಂತಿಲ್ಲ, ನಂಬಬೇಕು. ಮೂರನೆಯದು ವಿಶಿಷ್ಟಾದ್ವೈತ: ಥ್ರೆಡ್ಡೇ ಇಲ್ಲದೆ ಫ್ರೇಮಿಗೆ ಒತ್ತಿ ಕೂರಿಸುವ ಪ್ರೆಸ್‌ಫಿಟ್. ಫ್ರೇಮೂ ಬೇರಿಂಗೂ ಒಂದೇ ಎಂದು ಅಂಗಡಿಯವರು ಆಣೆ ಇಡುತ್ತಾರೆ, ಏರು ಬಂದೊಡನೆ ಎರಡೂ ಕಿರುಗುಟ್ಟಿ ಭಿನ್ನಮತ ಸಾರುತ್ತವೆ. ನಾಲ್ಕನೆಯದು ಕಪ್ಪುಗಳನ್ನು ಫ್ರೇಮಿನಿಂದಾಚೆ ಇಟ್ಟು 24 ಮಿ.ಮೀ. ಟೊಳ್ಳು ಆಕ್ಸಲ್ ತೂರಿಸುವ ಹಾಲೋಟೆಕ್ ಬಗೆ. ಇದಕ್ಕೆ ಹೊಂದುವ ಮಠ ಸಿಗದ ಕಾರಣ ವರ್ಗೀಕರಣ ಅಲ್ಲಿಗೇ ನಿಂತಿದೆ.

ಇನ್ನು ಇತಿಹಾಸ. ಹೆಚ್ಚಿನ ಅಗ್ಗದ ಬಿಬಿಗಳ ಥ್ರೆಡ್ಡಿಗೆ ಬಿಎಸ್‌ಎ ಎಂದೇ ಹೆಸರು. 1861ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಬಂದೂಕು ಮಾಡಲೆಂದು ಹುಟ್ಟಿದ ಆ ಕಂಪನಿಯ ಹೆಸರು ಮುಂದೆ ಎಸ್‌ಎಲ್‌ಆರ್ ಸೈಕಲ್ಲಿನ ಮೇಲೇರಿ ನಮ್ಮ ಕೇರಿಗಳಿಗೂ ಬಂತು. ವ್ಯಾಸ 1.37 ಇಂಚು, ಇಂಚಿಗೆ 24 ಸುತ್ತು, ಬಲಗಡೆಯ ಕಪ್ಪಿಗೆ ಉಲ್ಟಾ ಥ್ರೆಡ್. ಸಂಶೋಧಕರಿಗೆ ಇದು ‘ಯಜಮಾನಿಕೆಗೆ ಎದುರಾದ ವಿಲೋಮ ಪ್ರತಿರೋಧ’ವಾಗಿ ಕಂಡಿದೆ. ತುಳಿಯುತ್ತ ತುಳಿಯುತ್ತ ಕಪ್ ತಾನಾಗಿ ಬಿಚ್ಚಿಕೊಳ್ಳದಿರಲಿ ಎಂಬುದಷ್ಟೇ ನಿಜವಾದ ಕಾರಣ. ಅದನ್ನರಿಯದ ಹೊಸ ಹುಡುಗ ಬಿಚ್ಚಲು ಹೋಗಿ ಬಿಗಿದು, ಆಮೇಲೆ ಸುತ್ತಿಗೆ ಎತ್ತಿಕೊಂಡರೆ ಬಿಬಿಯ ಜೊತೆಗೆ ಫ್ರೇಮೂ ಹೋಯಿತು.

ಬಾಳಿಕೆಯ ಪ್ರಶ್ನೆಗೆ ಐಎಸ್‌ಒ 281 ಎಂಬ ಅಂತರರಾಷ್ಟ್ರೀಯ ಲೆಕ್ಕವಿದೆ. ಭಾರ ಇಮ್ಮಡಿಯಾದರೆ ಗುಂಡಿನ ಬೇರಿಂಗಿನ ಆಯಸ್ಸು ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ಕಲ್ಮಶಕ್ಕೂ ಅದರಲ್ಲೊಂದು ಗುಣಕವುಂಟು: ಪರಮ ಶುಭ್ರವಾಗಿದ್ದರೆ 1, ವಿಪರೀತ ಕೊಳೆಯಾಗಿದ್ದರೆ ಸೊನ್ನೆ. ಉತ್ತರ ಬೆಂಗಳೂರಿಗೆ ಯಾವ ಅಂಕಿ ಹಾಕಬೇಕೆಂಬುದನ್ನು ಯಲಹಂಕದ ಕೇಂದ್ರೀಯ ವಿಹಾರ ಅಪಾರ್ಟ್‌ಮೆಂಟಿನವರನ್ನು ಕೇಳಬಹುದು. 2021ರ ನವೆಂಬರಿನಲ್ಲೂ 2024ರ ಅಕ್ಟೋಬರಿನಲ್ಲೂ ಅಲ್ಲಿ ದೋಣಿ ಓಡಾಡಿತ್ತು.

ಮಳೆನೀರು ಸೀಟಿನ ಕಂಬದ ಸಂದಿಯಿಂದ ಇಳಿದು, ಫ್ರೇಮಿನಲ್ಲಿ ಎಲ್ಲಕ್ಕಿಂತ ತಗ್ಗಿನಲ್ಲಿರುವ ಬಿಬಿಯ ಗೂಡಿಗೇ ಬಂದು ನಿಲ್ಲುತ್ತದೆ. ಕಪ್ ತೆಗೆದರೆ ತುಕ್ಕಿನ ಬಣ್ಣದ ನೀರು ಮೆಕ್ಯಾನಿಕ್ಕಿನ ಮೊಣಕೈವರೆಗೂ ಹರಿಯುತ್ತದೆ. ಭಾನುವಾರ ಆವತಿಯ ಗುಡ್ಡದಿಂದ ಮಣ್ಣು ಮೆತ್ತಿಕೊಂಡು ಬಂದವರು ನೇರವಾಗಿ ‘ವಾಟರ್ ಸರ್ವೀಸ್’ಗೆ ಒಯ್ಯುತ್ತಾರೆ. ಅಲ್ಲಿನ ಪಂಪು ಸೀಲನ್ನು ದಾಟಿ ಇದ್ದ ಗ್ರೀಸನ್ನೂ ತೊಳೆದುಬಿಡುತ್ತದೆ. ಸೈಕಲ್ಲು ಮಾತ್ರ ಫಳಫಳ.

ಇಲ್ಲಿಂದ ಮುಂದೆ ಪ್ರಬಂಧದ ಭಾಷೆ ಸ್ವಲ್ಪ ಕೆಡುತ್ತದೆ.

ನಂದಿ ಬೆಟ್ಟ ಹತ್ತುವವರ ಬಿಬಿ ಹೋದರೆ ಹೊಸದು ಬರುತ್ತದೆ, ಅದರ ಫೋಟೋ ಕೂಡ ಬರುತ್ತದೆ. ಆದರೆ ದಪ್ಪ ಟೈರಿನ, ಅಬ್ಬರದ ಸ್ಟಿಕ್ಕರಿನ ಅಗ್ಗದ ‘ಎಂಟಿಬಿ’ಯನ್ನು ಅತಿ ಹೆಚ್ಚು ತುಳಿಯುವವರು ಬೆಟ್ಟದ ಕಡೆ ತಲೆಯನ್ನೂ ಹಾಕುವುದಿಲ್ಲ. ಯಶವಂತಪುರದ ಎಪಿಎಂಸಿ ಯಾರ್ಡಿಗೆ ನಸುಕಿನಲ್ಲೇ ಹೊರಡುವ ಹಮಾಲಿ, ಹೆಬ್ಬಾಳದ ಫ್ಲೈಓವರ್ ಕೆಳಗೆ ಬಸ್ಸುಗಳ ನಡುವೆ ನುಸುಳುವ ಪೇಂಟರು, ರಾತ್ರಿ ಪಾಳಿ ಮುಗಿಸಿದ ಸೆಕ್ಯುರಿಟಿಯವರು. ದಿನಕ್ಕೆ 20 ಕಿ.ಮೀ. ತುಳಿದರೆ, ಸುತ್ತಿಗೆ ಸುಮಾರು 4 ಮೀಟರಿನಂತೆ, 300 ದಿನಕ್ಕೆ 15 ಲಕ್ಷ ಸುತ್ತು. ಇಷ್ಟು ಕಠಿಣ ಪರೀಕ್ಷೆಯನ್ನು ಸ್ವಂತ ಖರ್ಚಿನಲ್ಲಿ ನಡೆಸಿಕೊಡುವವರನ್ನು ಯಾವ ಕಂಪನಿಯವರೂ ಬಂದು ಒಂದು ಮಾತು ಕೇಳುವುದಿಲ್ಲ. ಅವರ ಸೈಕಲ್ಲಿಗೆ ಸಿಗುವುದು ತೆಳು ಗ್ರೀಸಿನ, ಹೆಸರಿಗಷ್ಟೇ ಸೀಲ್ಡ್ ಆದ ಮಾಲು.

ಹಳೇ ಗುಂಡಿನ ಬಿಬಿ ಅಮರವೇನಲ್ಲ, ನೀರು ಅದಕ್ಕೂ ಇಳಿಯುತ್ತಿತ್ತು. ಆದರೆ ಅದನ್ನು ಬಿಚ್ಚಿ, ಸೀಮೆಎಣ್ಣೆಯ ತಟ್ಟೆಯಲ್ಲಿ ತೊಳೆದು, ಸವೆದ ಗುಂಡು ಆರಿಸಿ ಎಸೆದು, ಕಪ್ಪಿನಲ್ಲಿ ಬೆರಳಿನಿಂದ ಗ್ರೀಸು ಸವರಿ ಹೊಸ ಗುಂಡು ಒಂದೊಂದಾಗಿ ಕೂರಿಸಿದರೆ ಸಂಜೆಯೊಳಗೆ ಸೈಕಲ್ಲು ರಸ್ತೆಯಲ್ಲಿ. ಕಾರ್ಟ್ರಿಜ್ಜಿನಲ್ಲಿ ಆ ವಿದ್ಯೆಗೆ ಜಾಗವಿಲ್ಲ. ಕ್ರ್ಯಾಂಕ್ ಹಿಡಿದು ಅತ್ತಿತ್ತ ಅಲ್ಲಾಡಿಸಿ, “ಆಟ ಬಂದಿದೆ ಅಣ್ಣ, ಬಿಬಿ ಹೋಯ್ತು, ಹೊಸದೇ ಹಾಕ್ಬೇಕು” ಎಂದರೆ ಮುಗಿಯಿತು. ಐನೂರರ ಆಸುಪಾಸಿನ ಬಿಲ್ಲು ಕೇಳಿ ಹಮಾಲಿ ಸುಮ್ಮನೆ ನಿಲ್ಲುತ್ತಾನೆ, ಬೆಳಗ್ಗೆ ಯಾರ್ಡಿಗೆ ಹೋಗಲೇಬೇಕು. ಮೆಕ್ಯಾನಿಕ್ಕು ಡಬ್ಬ ತಡಕಿ, ಯಾರದೋ ಸೈಕಲ್ಲಿನಿಂದ ತೆಗೆದಿಟ್ಟ ಹಳೆಯದೊಂದನ್ನು ಒರೆಸಿ ಕೂರಿಸುತ್ತಾನೆ. ಕೂಲಿ ಮಾತ್ರ ತೆಗೆದುಕೊಳ್ಳುತ್ತಾನೆ, ಗ್ಯಾರಂಟಿ ಕೇಳಬಾರದೆಂದು ಮೊದಲೇ ಹೇಳಿರುತ್ತಾನೆ.