ಕಾಲೆತ್ತಿದರೆ ಆಫ್

ಅಮೆರಿಕದ ಬೇಲಿ ಹರಟೆಗೆ ಹೇಳಿ ಮಾಡಿಸಿದ್ದಲ್ಲ. ನಮ್ಮ ಮೈಸೂರಿನಲ್ಲಿ ಕಾಂಪೌಂಡು ಎದೆಮಟ್ಟಕ್ಕಿರುತ್ತದೆ. ಮೊಣಕೈ ಊರಿದರೆ ಸಾಕು, ಒಂದು ಗಂಟೆ ಹೋದದ್ದೇ ತಿಳಿಯುವುದಿಲ್ಲ. ಕ್ಯಾಲಿಫೋರ್ನಿಯಾದ ಫ್ರೀಮಾಂಟಿನಲ್ಲಿ ಮಗನ ಮನೆಯ ಹಿತ್ತಿಲಿಗೆ ಆರಡಿ ಎತ್ತರದ ಹಲಗೆ ಬೇಲಿ. ಪುಣ್ಯಕ್ಕೆ ಚಳಿಗಾಲದ ಗಾಳಿಗೆ ಒಂದು ಹಲಗೆ ಬಿದ್ದುಹೋಗಿದೆ. ಅದನ್ನು ಮತ್ತೆ ಹೊಡೆಸುವ ಮಾತನ್ನು ಎರಡೂ ಮನೆಯವರು ಎತ್ತಿಲ್ಲ, ನಾನಂತೂ ಎತ್ತುವವನಲ್ಲ. ಆ ಸಂದಿಯಿಂದಲೇ ಒಂದು ಶನಿವಾರ ಬೆಳಿಗ್ಗೆ ಪಕ್ಕದ ಮನೆಯ ಹಾಸನದ ಹುಡುಗ ಮುಖ ತೂರಿಸಿದ. ಹುಡುಗ ಎಂದರೆ ನಲವತ್ತೆರಡು ವಯಸ್ಸು.

"ಅಂಕಲ್, ಗಾಡಿ ಮತ್ತೆ ಆಫ್ ಆಯ್ತು."

"ಎಲ್ಲಪ್ಪಾ?"

"ಸಿಗ್ನಲ್ ಹತ್ರ ಬರ್ತಾ ಇದ್ದೆ. ಗ್ಯಾಸ್ ಬಿಟ್ಟೆ, ಕ್ಲಚ್ ಒತ್ತಿದೆ. ಅಷ್ಟೇ."

ಗ್ಯಾಸ್ ಎಂದರೆ ಇಲ್ಲಿಯವರ ಬಾಯಲ್ಲಿ ಆಕ್ಸಿಲರೇಟರು. ಮೊದಲ ಸಲ ಕೇಳಿದಾಗ ನಾನು ಒಲೆಯ ವಿಷಯ ಎಂದುಕೊಂಡಿದ್ದೆ.

ಗಾಡಿ ಅಂದರೆ 1992ರ ಮಾಜ್ಡಾ ಮಿಯಾಟಾ. ಎರಡೇ ಸೀಟು, ಬಟ್ಟೆಯ ಟಾಪು, ಗುಂಡಿ ಒತ್ತಿದರೆ ಕಪ್ಪೆಯ ಕಣ್ಣಿನ ಹಾಗೆ ಮೇಲೇಳುವ ಹೆಡ್‌ಲೈಟು. ಇಂಗ್ಲೆಂಡಿನ ಹಳೆಯ ಪುಟ್ಟ ಸ್ಪೋರ್ಟ್ಸ್ ಕಾರುಗಳ ಚೆಲುವು ಇರಬೇಕು, ಅವುಗಳ ಕಾಯಿಲೆ ಇರಬಾರದು ಎಂದು ಜಪಾನಿನವರು ಕಟ್ಟಿದ್ದು. 1989ರ ಫೆಬ್ರುವರಿಯಲ್ಲಿ ಶಿಕಾಗೋದ ಕಾರು ಮೇಳದಲ್ಲಿ ಮೊದಲು ತೋರಿಸಿದರು. 2016ರ ಹೊತ್ತಿಗೆ ಹತ್ತು ಲಕ್ಷ ಕಾರು ತಯಾರಾಗಿದ್ದವು. 1.6 ಲೀಟರಿನ ಎಂಜಿನ್ನು, ನೂರಹದಿನಾರು ಕುದುರೆ. ಕುದುರೆ ಮತ್ತು ಸವಾರ ಒಂದಾಗುವುದಕ್ಕೆ ಜಪಾನಿಯಲ್ಲಿ 'ಜಿಂಬಾ ಇತ್ತಾಯ್' ಎನ್ನುತ್ತಾರಂತೆ. ಇಂಜಿನಿಯರುಗಳು ಇಟ್ಟುಕೊಂಡಿದ್ದ ಮಂತ್ರ ಅದೇ. ಸದ್ಯಕ್ಕೆ ಈ ಸವಾರ ಕಾಲು ಸಡಿಲಿಸಿದ ಕೂಡಲೇ ಕುದುರೆ ಮಲಗಿಬಿಡುತ್ತಿತ್ತು.

"ಗೂಗಲ್ ಮಾಡಿದೆ ಅಂಕಲ್. ಐಡಲ್ ವಾಲ್ವ್ ಅಂತು. ಗ್ಯಾರೇಜಿನವರು ಅದನ್ನೇ ಬದಲಾಯಿಸಿದ್ರು, ನಾನೂರು ಡಾಲರ್. ಎರಡು ದಿನ ಚೆನ್ನಾಗಿತ್ತು."

"ಸರಿಹೋಗಿದೆ ಅಂತ ನೀನು ಅಂದುಕೊಂಡದ್ದು ಎರಡು ದಿನ," ಎಂದೆ. ನಾನು ಮೆಕ್ಯಾನಿಕ್ ಅಲ್ಲ, ಬ್ಯಾಂಕಿನಲ್ಲಿ ಮೂವತ್ತನಾಲ್ಕು ವರ್ಷ ನೋಟು ಎಣಿಸಿದವನು. ಆದರೆ ಲೆಕ್ಕ ತಾಳೆಯಾಗದಿದ್ದರೆ ಹೊಸ ಲೆಡ್ಜರು ತರಿಸುವುದಲ್ಲ, ಇರುವ ಲೆಡ್ಜರನ್ನೇ ಇನ್ನೊಮ್ಮೆ ಓದಬೇಕು ಎಂಬಷ್ಟು ಗೊತ್ತು. ಈಗಿನವರಿಗೆ ರೋಗಕ್ಕಿಂತ ಮೊದಲು ಬಿಡಿಭಾಗ ನೆನಪಾಗುತ್ತದೆ.

ಹಲಗೆಯ ಸಂದಿಯಲ್ಲಿ ನಿಂತೇ ವಿಚಾರಣೆ ಶುರುವಾಯಿತು. ಆಫ್ ಆದ ಮೇಲೆ ಮತ್ತೆ ಸ್ಟಾರ್ಟ್ ಆಗುತ್ತದೆಯೋ? ತಕ್ಷಣ ಆಗುತ್ತದೆ. ಹಾಗಾದರೆ ಬಿಸಿಗೆ ಕಾಯಿಲ್ ಸೋಲುವ ಕಥೆ ಅಲ್ಲ. ವೇಗವಾಗಿ ಹೋಗುವಾಗ ಎಳೆತದಲ್ಲಿ ಕೊರತೆ? ಇಲ್ಲ. ಆಫ್ ಆಗುವಾಗ ಆರ್‌ಪಿಎಂ ಮುಳ್ಳು ಹೇಗೆ ಬೀಳುತ್ತದೆ, ಒಂದೇ ಏಟಿಗೆ ಸೊನ್ನೆಗೋ, ತೂಕಡಿಸಿಕೊಂಡೋ?

ಅವನು ಕಣ್ಣು ಮುಚ್ಚಿ ಯೋಚಿಸಿದ. "ಒಂದು ಸಾವಿರಕ್ಕೆ ಬಂದು, ಐನೂರಕ್ಕೆ ಇಳಿದು, ಒಂದು ಸಲ ಮೇಲೇಳಕ್ಕೆ ನೋಡಿ, ಆಮೇಲೆ ಸತ್ತೋಗುತ್ತೆ."

ನಾನೂರು ಡಾಲರಿಗಿಂತ ಬೆಲೆಬಾಳುವ ಉತ್ತರ ಇದು. ಕ್ಯಾಮ್ ತುದಿಯಲ್ಲಿ ಕೂತು ಎಂಜಿನ್ನಿನ ಸುತ್ತು ಎಣಿಸುವ ಸೆನ್ಸರೋ, ಸಡಿಲವಾದ ವೈರೋ ಕೈಕೊಟ್ಟಿದ್ದರೆ ಮುಳ್ಳು ದೀಪ ಆರಿದ ಹಾಗೆ ಬೀಳುತ್ತಿತ್ತು. ಇದು ಉಸಿರಾಡಲು ಒದ್ದಾಡಿ ಸಾಯುತ್ತಿದೆ. ಹಾಗಾದರೆ ಗಾಳಿ, ಇಲ್ಲವೇ ಪೆಟ್ರೋಲು.

ಕಾಲೆತ್ತುವ ಆ ಒಂದು ಗಳಿಗೆಯಲ್ಲಿ ಎಂಜಿನ್ನಿಗೆ ಇರುವ ಕಷ್ಟ ನಮಗೆ ಗೊತ್ತಾಗುವುದಿಲ್ಲ. ಗೇರಿನಲ್ಲಿ ಉರುಳುತ್ತಿರುವಾಗ ಕಾಲೆತ್ತಿದರೆ ಕಂಪ್ಯೂಟರು ಪೆಟ್ರೋಲನ್ನೇ ನಿಲ್ಲಿಸಿಬಿಡುತ್ತದೆ. ಚಕ್ರಗಳೇ ಎಂಜಿನ್ನನ್ನು ತಿರುಗಿಸುತ್ತಿರುತ್ತವೆ. ಆಗ ಕ್ಲಚ್ ಒತ್ತಿದಿರೋ, ಆ ಆಸರೆ ತಪ್ಪಿತು. ಮೂರು ಸಾವಿರ ಸುತ್ತಿನಿಂದ ಜಾರಿ ಬೀಳುತ್ತಿರುವ ಎಂಜಿನ್ನನ್ನು ಎಂಟುನೂರೈವತ್ತರ ಹತ್ತಿರ, ಅಂದರೆ ಕಾಲಿಡದೆಯೂ ತಿರುಗುತ್ತಿರುವ ಐಡಲಿನಲ್ಲಿ, ಕೈಹಿಡಿದು ನಿಲ್ಲಿಸಬೇಕು, ನಿಲ್ಲಿಸಿದ್ದ ಪೆಟ್ರೋಲನ್ನು ಮತ್ತೆ ಬಿಡಬೇಕು, ಐಡಲ್ ವಾಲ್ವು ಗಾಳಿ ಕೊಡಬೇಕು. ಎಲ್ಲಾ ಅರೆಕ್ಷಣದಲ್ಲಿ. ಚಿಕ್ಕ ಲೋಪವಿದ್ದರೂ ಬಯಲಾಗುವುದು ಇಲ್ಲೇ.

ಇಲ್ಲಿ ನನ್ನದೊಂದು ತಪ್ಪೊಪ್ಪಿಗೆ. ಕಾರ್ಬುರೇಟರಿನ ಕಾಲದಲ್ಲಿ ನಾನು ಚಾಮುಂಡಿ ಬೆಟ್ಟದಿಂದ ನ್ಯೂಟ್ರಲ್ ಹಾಕಿ, ಸಾಲದ್ದಕ್ಕೆ ಎಂಜಿನ್ನೂ ಆಫ್ ಮಾಡಿ ಇಳಿದವನು. ಹತ್ತು ರೂಪಾಯಿ ಪೆಟ್ರೋಲು ಉಳಿಸಿದೆ ಎಂದು ಮನೆಯಲ್ಲಿ ಜಂಬ ಬೇರೆ. ಎಂಜಿನ್ ನಿಂತರೆ ಬ್ರೇಕಿಗೆ ಸಿಗುವ ಸಹಾಯ ಒಂದೆರಡು ತುಳಿತಕ್ಕೇ ಮುಗಿಯುತ್ತದೆ, ಪವರ್ ಸ್ಟಿಯರಿಂಗ್ ಇದ್ದರೆ ಅದೂ ಕಲ್ಲಾಗುತ್ತದೆ. ಇಂಜೆಕ್ಷನ್ ಕಾರಿನಲ್ಲಿ ನ್ಯೂಟ್ರಲ್ ಹಾಕಿದರೆ ಪೆಟ್ರೋಲು ಉಳಿಯುವುದೂ ಇಲ್ಲ. ಗೇರಿನಲ್ಲೇ ಇಳಿದರೆ ಖರ್ಚು ಸೊನ್ನೆ, ನ್ಯೂಟ್ರಲ್ಲಿನಲ್ಲಿ ಐಡಲ್ ಖರ್ಚು ಇದ್ದೇ ಇದೆ. ಕ್ಯಾಲಿಫೋರ್ನಿಯಾದಲ್ಲಿ ಇಳಿಜಾರಿನಲ್ಲಿ ನ್ಯೂಟ್ರಲ್ ಹಾಕಿ ಉರುಳಿಸುವುದು ಕಾನೂನಿಗೇ ವಿರುದ್ಧ. ಚಾಮುಂಡೇಶ್ವರಿ ನನ್ನನ್ನು ಯಾಕೆ ಕಾಪಾಡಿದಳೋ ಅವಳಿಗೇ ಗೊತ್ತು.

ಬಾನೆಟ್ ಎತ್ತಿದೆವು. 1996ರಿಂದ ಈಚಿನ ಕಾರಾಗಿದ್ದರೆ ಸ್ಕ್ಯಾನರ್ ಚುಚ್ಚಿ ಓದಬಹುದಿತ್ತು. ಇದಕ್ಕೆ ಆ ಸಾಕೆಟ್ಟೇ ಇಲ್ಲ. ಗಾಳಿ ಫಿಲ್ಟರಿನ ಪಕ್ಕದಲ್ಲಿ ಏರ್‌ಫ್ಲೋ ಮೀಟರೆಂಬ ಪೆಟ್ಟಿಗೆ. ಒಳಗೆ ಸ್ಪ್ರಿಂಗ್ ಕಟ್ಟಿದ ಒಂದು ಪುಟ್ಟ ಬಾಗಿಲು. ಎಂಜಿನ್ ಎಳೆಯುವ ಗಾಳಿಗೆ ಬಾಗಿಲು ಎಷ್ಟು ತೆರೆಯಿತೋ ಅಷ್ಟಕ್ಕೆ ತಕ್ಕ ಪೆಟ್ರೋಲು. ಪೆಟ್ರೋಲ್ ಪಂಪಿನ ಸ್ವಿಚ್ಚೂ ಆ ಬಾಗಿಲಿಗೇ ಸೇರಿದೆ. ಬಾಗಿಲು ಪೂರ್ತಿ ಮುಚ್ಚಿದರೆ ಪಂಪು ಬಂದ್. ಫಿಲ್ಟರ್ ತೆಗೆದು, ಕೀ ತಿರುಗಿಸಿ, ಬಾಗಿಲನ್ನು ಬೆರಳಿನಿಂದ ಒತ್ತಿದಾಗ ಹಿಂದೆ ಟ್ಯಾಂಕಿನಲ್ಲಿ ಪಂಪು ಗುಂಯ್ ಎಂದಿತು. ಬಾಗಿಲು ಎಲ್ಲೂ ಅಂಟುತ್ತಿರಲಿಲ್ಲ. ಮೀಟರು ಸರಿಯಾಗಿದೆ.

ಉಳಿದದ್ದು ಕಳ್ಳಗಾಳಿ. ಮೀಟರಿನ ಬಾಗಿಲಿನಿಂದ ಬಾರದೆ, ಅದು ದಾಟಿದ ಮೇಲೆ ಎಲ್ಲಿಂದಲೋ ಒಳಗೆ ನುಗ್ಗಿದ ಗಾಳಿ ಲೆಕ್ಕಕ್ಕೆ ಸಿಗುವುದಿಲ್ಲ, ಅದರ ಪಾಲಿನ ಪೆಟ್ರೋಲೂ ಬರುವುದಿಲ್ಲ. "ಹಾಗಿದ್ರೆ ಸ್ಪೀಡಲ್ಲಿ ಯಾಕೆ ಗೊತ್ತಾಗಲ್ಲ ಅಂಕಲ್?" ಎಂದ. ಮದುವೆ ಮನೆಗೆ ಇಬ್ಬರು ಕರೆಯದೆ ಬಂದರೆ ಅಡುಗೆಯವನಿಗೆ ಗೊತ್ತಾಗುವುದಿಲ್ಲ. ಇಬ್ಬರಿಗೆಂದು ಅನ್ನ ಇಟ್ಟ ಮನೆಗೆ ಇನ್ನಿಬ್ಬರು ಬಂದರೆ ಗೊತ್ತಾಗುತ್ತದೆ. ಐಡಲ್ ಎಂದರೆ ಇಬ್ಬರ ಅನ್ನ.

ಮೊದಲು ಡಿಪ್‌ಸ್ಟಿಕ್ ಒತ್ತಿ ನೋಡಿದೆವು, ಆಯಿಲ್ ಕ್ಯಾಪ್ ಬಿಗಿ ಮಾಡಿದೆವು. ಈ ಬಗೆಯ ಎಂಜಿನ್ನಿನಲ್ಲಿ ಅವು ಸಡಿಲವಿದ್ದರೂ ಕಳ್ಳಗಾಳಿಗೆ ದಾರಿಯಾಗುತ್ತದೆ. ಆಮೇಲೆ ನಾನು ಸೊಸೆಯ ದೇವರ ಮನೆಯಿಂದ ಊದುಬತ್ತಿ ತಂದು ಹಚ್ಚಿದೆ. ತೂತಿದ್ದ ಕಡೆ ಹೊಗೆ ಒಳಕ್ಕೆ ಎಳೆದುಕೊಳ್ಳಬೇಕಲ್ಲ! ಸಣ್ಣ ವ್ಯಾಕ್ಯೂಮ್ ಟ್ಯೂಬುಗಳ ಪಕ್ಕ ಹಿಡಿದೆ, ಏನೂ ಆಗಲಿಲ್ಲ. ಮೀಟರಿನಿಂದ ಥ್ರಾಟಲಿಗೆ, ಅಂದರೆ ಆಕ್ಸಿಲರೇಟರು ತುಳಿದಾಗ ತೆರೆಯುವ ಗಾಳಿಕವಾಟಕ್ಕೆ, ಹೋಗುವ ದೊಡ್ಡ ಹೋಸಿನ ಹತ್ತಿರ ಹಿಡಿದೆ. ಥ್ರಾಟಲಿಗಿಂತ ಮುಂಚೆ ಎಳೆತ ತೀರಾ ಕಡಿಮೆ, ಹೊಗೆ ಅಲ್ಲಿ ಸುಮ್ಮನೆ ಮೇಲಕ್ಕೇ ಹೋಯಿತು. ಅಷ್ಟರಲ್ಲಿ ಸೊಸೆ ಬಂದು, "ಮಾವ, ಪೆಟ್ರೋಲ್ ಪೈಪ್ ಪಕ್ಕದಲ್ಲಿ ಬೆಂಕಿಯಾ!" ಎಂದು ಕಡ್ಡಿ ಕಿತ್ತುಕೊಂಡಳು. ಅವಳು ಹೇಳಿದ್ದು ಸರಿ. ಅರವತ್ತೊಂಬತ್ತು ವಯಸ್ಸಿಗೆ ಅಷ್ಟೂ ಬುದ್ಧಿ ಬೇಡವೇ.

ಹೊಗೆ ತೋರಿಸದ್ದನ್ನು ಕೈ ತೋರಿಸಿತು. ಆ ದೊಡ್ಡ ಹೋಸು ಹಾರ್ಮೋನಿಯಂ ತಿದಿಯ ಹಾಗೆ ಮಡಿಕೆ ಮಡಿಕೆ ರಬ್ಬರು. ಮೇಲಿನಿಂದ ನೋಡಿದರೆ ಹೊಸದರಂತೆ ಹೊಳೆಯುತ್ತಿತ್ತು, ಯಾರೋ ಪಾಲಿಶ್ ಬೇರೆ ಹಚ್ಚಿದ್ದರು. ಎಂಜಿನ್ ತಣ್ಣಗಾದ ಮೇಲೆ ಕ್ಲಾಂಪ್ ಬಿಚ್ಚಿ, ಬಗ್ಗಿಸಿ, ಕೆಳಗಿನ ಮಡಿಕೆಗೆ ಟಾರ್ಚು ಬಿಟ್ಟೆವು. ಎರಡು ಅಂಗುಲ ಸೀಳು ಬಾಯಿ ತೆರೆಯಿತು. ಬಿಟ್ಟರೆ ಮುಚ್ಚಿಕೊಂಡಿತು.

ಮೀಟರು ಕಾರಿನ ಮೈಗೆ ಅಂಟಿ ಕೂತಿದೆ, ಥ್ರಾಟಲು ಎಂಜಿನ್ನಿಗೆ. ಎಂಜಿನ್ನು ರಬ್ಬರ್ ಮೌಂಟಿನ ಮೇಲೆ ಕೂತಿದೆ. ಕಾಲೆತ್ತಿದಾಗ ಒಂದು ಮಗ್ಗುಲಿಗೆ ಹೊರಳುತ್ತದೆ. ಹೊರಳಿದಾಗ ಹೋಸು ಎಳೆದುಕೊಂಡು ಸೀಳು ತೆರೆಯುತ್ತದೆ. ಸುಮ್ಮನೆ ಗ್ಯಾರೇಜಿನಲ್ಲಿ ನಿಲ್ಲಿಸಿ ಕಿವಿಗೊಟ್ಟರೆ ಏನೂ ಕೇಳಿಸದು. ಕಂಪನಿಯ ತಪ್ಪು ಇದರಲ್ಲಿ ಎಳ್ಳಷ್ಟೂ ಇಲ್ಲ. ಮೂವತ್ತು ವರ್ಷ ಎಂಜಿನ್ನಿನ ಕಾವಿಗೆ ಬೆಂದ ರಬ್ಬರು ಇನ್ನೇನಾದೀತು?

ಹೊಸ ಹೋಸಿಗೆ ಆರ್ಡರ್ ಹಾಕಲು ಅವನು ಫೋನ್ ತೆಗೆದ. ತಡಿ ಎಂದೆ. ಸೀಳಿಗೆ ಬಿಗಿಯಾಗಿ ಇನ್ಸುಲೇಶನ್ ಟೇಪು ಸುತ್ತಿ ನೈಲ್ಸ್ ಕಣಿವೆಯ ರಸ್ತೆಗೆ ಹೋದೆವು. 1915ರಲ್ಲಿ ಚಾಪ್ಲಿನ್ ತನ್ನ 'ದಿ ಟ್ರ್ಯಾಂಪ್' ಚಿತ್ರಕ್ಕಾಗಿ ಓಡಾಡಿದ ಜಾಗ ಅದು. ಟಾಪು ಇಳಿಸಿದ್ದ, ಬಿಸಿಲು ಹದವಾಗಿತ್ತು, ನನ್ನ ಟೋಪಿ ಒಂದು ಸಲ ಹಾರಿ ಹಿಂದಿನ ಸೈಕಲಿನವನಿಗೆ ಸಿಕ್ಕಿತು. ಹನ್ನೊಂದು ಸಲ ಕಾಲೆತ್ತಿ ಕ್ಲಚ್ ಒತ್ತಿದ. ಹನ್ನೊಂದು ಸಲವೂ ಮುಳ್ಳು ಇಳಿದು, ನಿಂತು, ಅಲ್ಲೇ ಉಳಿಯಿತು.

ಹೊಸ ಹೋಸು ಮುಂದಿನ ವಾರ ಬಂತು. ಯಾರೋ ಹಿಂದೆ ರೋಗ ಮುಚ್ಚಿಹಾಕಲು ಐಡಲ್ ಸ್ಕ್ರೂ ತಿರುವಿ ಸಾವಿರದ ನೂರಕ್ಕೆ ಇಟ್ಟಿದ್ದರು. ಅದನ್ನೂ ಎಂಟುನೂರೈವತ್ತಕ್ಕೆ ಇಳಿಸಿದೆವು. ತೆಗೆದುಹಾಕಿದ ಹಳೇ ಐಡಲ್ ವಾಲ್ವು ಅವನ ಗ್ಯಾರೇಜಿನ ಶೆಲ್ಫಿನಲ್ಲಿದೆ. ಪರೀಕ್ಷಿಸಿದೆವು, ಚೆನ್ನಾಗಿಯೇ ಕೆಲಸ ಮಾಡುತ್ತದೆ.

ನಿಮ್ಮ ಹಳೇ ಕಾರೂ ಕಾಲೆತ್ತಿದರೆ ಆಫ್ ಆಗುವಂಥದ್ದಾದರೆ, ಬಿಲ್ಲು ಕಟ್ಟುವ ಮುಂಚೆ ಒಮ್ಮೆ ಬಾನೆಟ್ ಎತ್ತಿ, ಎಂಜಿನ್ ತಣ್ಣಗಿರುವಾಗ ಆ ರಬ್ಬರ್ ಹೋಸನ್ನು ಬಗ್ಗಿಸಿ ಕೆಳಮಗ್ಗುಲು ನೋಡಿ. ಊದುಬತ್ತಿ ಮಾತ್ರ ದೇವರ ಮನೆಯಲ್ಲೇ ಇರಲಿ.