ಎಬ್ಬಿಸುವವರು ಬೇಕಾಗಿದ್ದಾರೆ

ನಮ್ಮ ಕಡೆ ಕಾರಣವಿಲ್ಲದೆ ನಡೆಯುವವರನ್ನು ಯಾರೂ ನಂಬುವುದಿಲ್ಲ. ಸಿಂದಗಿಯಿಂದ ಇಂಡಿ ಕಡೆಗೆ ಹೋಗುವ ರಸ್ತೆಯಲ್ಲಿ ಬೆಳಗಿನ ಹೊತ್ತು ಕೈಬೀಸಿಕೊಂಡು ಹೊರಟರೆ ಹಿಂದಿನಿಂದ ಬಂದ ಮೋಟಾರ್ ಸೈಕಲ್ಲು ತಾನಾಗಿಯೇ ನಿಲ್ಲುತ್ತದೆ. ಎರಡೂ ಬದಿಗೆ ಹಾಲಿನ ಕ್ಯಾನು ಜೋತುಬಿದ್ದಿದ್ದರೂ ಸವಾರ ಮುಂದೆ ಸರಿದು ಜಾಗ ಮಾಡುತ್ತಾನೆ. “ಹತ್ರಿ ಸರ, ಬಿಡ್ತೀನಿ.” ಬ್ಯಾಡಪ್ಪಾ, ಅಡ್ಡಾಡಾಕ ಬಂದೀನಿ ಎಂದರೆ, “ಅಡ್ಡಾಡಾಕ ಎಲ್ಲಿಗ್ರಿ?” ಎಂಬ ಪ್ರಶ್ನೆ. ಎಲ್ಲಿಗೂ ಇಲ್ಲ, ಸುಮ್ಮನೆ ಎಂದರೆ ಅವನ ಮುಖ ಸಣ್ಣದಾಗುತ್ತದೆ. ದನಿ ತಗ್ಗಿಸಿ, ಅಕ್ಕಪಕ್ಕ ನೋಡಿ, “ಸಕ್ರಿ ಎಷ್ಟ ಬಂದೈತ್ರಿ?” ಎನ್ನುತ್ತಾನೆ. ಇಲ್ಲವೆಂದರೆ ನಂಬುವುದಿಲ್ಲ. ಡೇರಿಗೆ ಹಾಲು ಹಾಕಿ ಮರಳಿ ಬರುವಾಗ ಮತ್ತೆ ಗಾಡಿ ನಿಲ್ಲಿಸಿ, “ಈಗರ ಹತ್ರಿ” ಎಂದು ಕರೆಯುತ್ತಾನೆ. ದಿನವಿಡೀ ಎತ್ತಿನ ಹಿಂದೆ ನಡೆದವರ ವಂಶದವನು. ನಡೆಯುವವನನ್ನು ಕಂಡರೆ ಗಾಡಿಗೆ ಹತ್ತಿಸಿಕೊಳ್ಳುವುದೇ ಅವನಿಗೆ ಗೊತ್ತಿರುವ ಪುಣ್ಯ.

ಮೇಷ್ಟ್ರ ಕೆಲಸದಲ್ಲಿ ವರ್ಗವಾಗುತ್ತ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ನಾಲ್ಕೂ ತಾಲೂಕಿನ ನೀರು ಕುಡಿದವನು ನಾನು. ನಾಲ್ಕೂ ಕಡೆ ಡಾಕ್ಟರುಗಳು ಹೇಳಿದ್ದು ಒಂದೇ ಮಾತು: ನಡೀರಿ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ದೊಡ್ಡವರು ವಾರಕ್ಕೆ ಕನಿಷ್ಠ 150 ನಿಮಿಷ ಮೈಗೆ ಕೆಲಸ ಕೊಡಬೇಕು. 2022ರ ಅಂಕಿ ಹಿಡಿದು ಮಾಡಿದ ಒಂದು ಜಾಗತಿಕ ಅಧ್ಯಯನದ ಪ್ರಕಾರ ಭಾರತದಲ್ಲಿ ದೊಡ್ಡವರ ಪೈಕಿ ಅರ್ಧದಷ್ಟು ಮಂದಿ ಅಷ್ಟನ್ನೂ ಕೊಡುವುದಿಲ್ಲ. ಹಾಗೆಂದು ನಮ್ಮಲ್ಲಿ ನಿರ್ಧಾರಕ್ಕೇನೂ ಬರವಿಲ್ಲ. ಯುಗಾದಿಗೊಂದು, ಹೊಸ ವರ್ಷಕ್ಕೊಂದು, ರಕ್ತಪರೀಕ್ಷೆಯ ಚೀಟಿ ಕೈಗೆ ಬಂದ ಸಂಜೆಗೊಂದು ನಿರ್ಧಾರ ಆಗುತ್ತದೆ. ರಾತ್ರಿ ಹತ್ತಕ್ಕೆ ನಾವೆಲ್ಲ ಪೈಲ್ವಾನರೇ. ಮುಂಜಾನೆ ಐದಕ್ಕೆ ಅಲಾರಂ ಬಡಿದಾಗ ಹಾಸಿಗೆಯಲ್ಲಿ ಬೇರೆ ಮನುಷ್ಯ ಮಲಗಿರುತ್ತಾನೆ, ಅವನಿಗೂ ರಾತ್ರಿಯವನಿಗೂ ಮಾತಿಲ್ಲ.

ದಿನಕ್ಕೆ ಹತ್ತು ಸಾವಿರ ಹೆಜ್ಜೆ ಎಂಬ ವ್ರತವೊಂದು ಈಗ ಊರೂರಿಗೂ ಬಂದಿದೆ. ಇದು ಯಾವ ವೈದ್ಯರೂ ಮೊದಲು ಬರೆದುಕೊಟ್ಟ ಔಷಧಿಯಲ್ಲ. ಟೋಕಿಯೋ ಒಲಿಂಪಿಕ್ಸ್ ಮುಗಿದ ಮರುವರ್ಷ, 1965ರಲ್ಲಿ, ಜಪಾನಿನ ಕಂಪನಿಯೊಂದು ಹೆಜ್ಜೆ ಎಣಿಸುವ ಯಂತ್ರ ಮಾರಲು ಅದಕ್ಕೆ ಇಟ್ಟ ಹೆಸರು ಅದು. ಹೆಸರು ಇಟ್ಟವರು ಸಾಮಾನು ಮಾರಿಕೊಂಡರು, ನಾವು ಅಂಗಳದಲ್ಲಿ ರಾತ್ರಿ ಸುತ್ತು ಹಾಕುತ್ತಿದ್ದೇವೆ. ನನ್ನ ಸಹೋದ್ಯೋಗಿಯೊಬ್ಬರು ಲೆಕ್ಕ ತುಂಬಿಸಲು ಫೋನನ್ನು ಮೊಮ್ಮಗನ ಚಡ್ಡಿ ಕಿಸೆಗೆ ಹಾಕಿ ಆಟಕ್ಕೆ ಬಿಡುತ್ತಿದ್ದರು. ಸಂಜೆ ಹೊತ್ತಿಗೆ ಹದಿನೆಂಟು ಸಾವಿರ!

ಇಪ್ಪತ್ತೊಂದು ದಿನ ಮಾಡಿದರೆ ಯಾವುದೂ ರೂಢಿಯಾಗುತ್ತದೆ ಎನ್ನುವ ಮಾತನ್ನೂ ನೀವು ಕೇಳಿರಬೇಕು. ಅದರ ಮೂಲ ಮ್ಯಾಕ್ಸ್‌ವೆಲ್ ಮಾಲ್ಟ್ಸ್ ಎಂಬ ಅಮೆರಿಕದ ಪ್ಲಾಸ್ಟಿಕ್ ಸರ್ಜನ್ 1960ರಲ್ಲಿ ಬರೆದ ಪುಸ್ತಕ. ಮೂಗು ತಿದ್ದಿಸಿಕೊಂಡವರಿಗೆ ಹೊಸ ಮೂಗು ತನ್ನದೇ ಅನ್ನಿಸಲು ಕನಿಷ್ಠ ಮೂರು ವಾರ ಬೇಕಾಗುತ್ತದೆ ಎಂದು ಆತ ಕಂಡುಕೊಂಡಿದ್ದ. ಮೂಗಿನ ಲೆಕ್ಕವನ್ನು ನಾವು ಕಾಲಿಗೆ ಹಚ್ಚಿಕೊಂಡೆವು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪಾ ಲ್ಯಾಲಿ ಮತ್ತು ಜೊತೆಗಾರರು 96 ಜನರನ್ನು ಗಮನಿಸಿದಾಗ ರೂಢಿ ನೆಲೆಯೂರಲು ಸರಾಸರಿ 66 ದಿನ ಬೇಕಾಯಿತು. ಕೆಲವರಿಗೆ 18 ಸಾಕಾದರೆ, ಕೆಲವರಿಗೆ 254 ಬೇಕಾಗುವ ಅಂದಾಜು. ನಡುವೆ ಒಂದು ದಿನ ತಪ್ಪಿದರೆ ದೊಡ್ಡ ನಷ್ಟವಿಲ್ಲ ಎಂದೂ ಅವರು ಹೇಳಿದ್ದಾರೆ.

ಈ ಕೊನೆಯ ಮಾತನ್ನು ಮುದ್ದೇಬಿಹಾಳದಲ್ಲಿ ನಮ್ಮ ಓಣಿಯಲ್ಲಿದ್ದ ಗರಡಿಯ ವಸ್ತಾದರ ಮುಂದೆ ಹೇಳಿದ್ದರೆ ಕಿವಿ ಹಿಂಡಿಸಿಕೊಳ್ಳಬೇಕಾಗುತ್ತಿತ್ತು. 1565ರ ಯುದ್ಧಕ್ಕೆ ಹೆಸರು ಕೊಟ್ಟ ರಕ್ಕಸಗಿ, ತಂಗಡಗಿ ಎರಡೂ ಆ ತಾಲೂಕಿನವೇ. ಅದಕ್ಕೋ ಏನೋ, ಅಲ್ಲಿನ ಹಳೆಯ ಪೈಲ್ವಾನರು ತಮ್ಮ ಕುಸ್ತಿ ವರ್ಣಿಸುವಾಗ ಎರಡೂ ಕಡೆಯ ದಂಡು ಎಣಿಸಿಕೊಂಡೇ ಶುರು ಮಾಡುತ್ತಾರೆ. ನಮ್ಮ ವಸ್ತಾದರದು ಮಾತು ಕಡಿಮೆ. ಗರಡಿಮನೆಯ ಬಾಗಿಲು ಎಷ್ಟು ಗಿಡ್ಡವೆಂದರೆ ಎಂಥ ಮನುಷ್ಯನೂ ತಲೆ ಬಾಗಿಸಿಯೇ ಒಳಗೆ ಬರಬೇಕು. ಚಪ್ಪಲಿ ಹೊರಗೆ. ಎದುರು ಗೋಡೆಯಲ್ಲಿ ಹನುಮಪ್ಪ, ಅವನ ಮುಂದೆ ಎಣ್ಣೆ ದೀಪ, ಮೂಲೆಯಲ್ಲಿ ಹಿಡಿಕೆ ಸವೆದ ಕರ್ಲಾಕಟ್ಟಿಗೆಗಳು. ನಡುವೆ ಕೆಂಪು ಮಣ್ಣು. ಆ ಮಣ್ಣಿಗೆ ಅರಿಷಿಣ, ಎಣ್ಣೆ, ಮಜ್ಜಿಗೆ ಬೀಳಬೇಕು, ಲಿಂಬಿ ಹಣ್ಣಿನ ರಸ ಹಿಂಡಬೇಕು. ಲಿಂಬಿಗೆ ನಮ್ಮಲ್ಲೇನು ಕಡಿಮೆ, ಇಂಡಿಯ ಲಿಂಬಿಗೆ ಭೌಗೋಳಿಕ ಮಾನ್ಯತೆಯೇ ಸಿಕ್ಕಿದೆ. (ಬೊಜ್ಜು ಕರಗಲೆಂದು ಊರೂರ ಜನ ಬೆಳಗ್ಗೆ ಬಿಸಿನೀರಿಗೆ ಹಿಂಡಿಕೊಳ್ಳುವ ಲಿಂಬಿಯನ್ನು ಚೀಲ ತುಂಬಿ ಕಳಿಸಿ, ಇಂಡಿಯವರು ಎರಡು ಚಮಚೆ ಸಕ್ಕರೆಯ ಚಹಾ ಕುಡಿಯುತ್ತಾರೆ.)

ಹೊಸ ಹುಡುಗನಿಗೆ ಮೊದಲ ದಿನ ಕುಸ್ತಿಯಿಲ್ಲ, ಗುದ್ದಲಿ. ಮಣ್ಣು ಅಗೆದು, ಹರವಿ, ಮಟ್ಟ ಮಾಡಬೇಕು. ಅಷ್ಟರಲ್ಲಿ ತೋಳು ಸೋತಿರುತ್ತದೆ, ಆಮೇಲೆ ದಂಡ, ಬೈಠಕ್. ವಸ್ತಾದರು ಗಟ್ಟಿಯಾಗಿ ಎಣಿಸುತ್ತಿದ್ದರು. ಹುಡುಗ ಅರ್ಧಕ್ಕೇ ಏಳಲಾರದೆ ನಿಂತರೆ ಮತ್ತೆ ಒಂದರಿಂದ ಎಣಿಕೆ. ಬೈಯುತ್ತಿರಲಿಲ್ಲ, ಹುರಿದುಂಬಿಸುತ್ತಲೂ ಇರಲಿಲ್ಲ. ಅವರ ವಿದ್ಯೆಯೆಲ್ಲ ಇದ್ದದ್ದು ಬಾರದೆ ಉಳಿದವನನ್ನು ತರುವುದರಲ್ಲಿ. ಲುಂಗಿ ಮೇಲೆತ್ತಿ ಕಟ್ಟಿ ಸೀದಾ ಅವನ ಮನೆ ಮುಂದೆ ಹೋಗಿ ನಿಲ್ಲುತ್ತಿದ್ದರು. ಹುಡುಗನನ್ನು ಕರೆಯುತ್ತಿರಲಿಲ್ಲ, ತಾಯಿಯನ್ನು ಕರೆಯುತ್ತಿದ್ದರು. “ಯವ್ವಾ, ನಿನ್ನ ಮಗಗ ಆರಾಮ ಇಲ್ಲೇನ? ಡಾಕ್ಟರನ್ನ ಕರಕೊಂಡ ಬರಲೇನ?” ಇಡೀ ಓಣಿಯ ಬಾಗಿಲು ತೆರೆಯುತ್ತಿದ್ದವು. ಎದುರು ಮನೆಯಾಕೆ ಕಸಬರಿಗೆ ಹಿಡಿದು ಹೊರಗೆ ಬಂದು, “ಏನಾಗೇತ್ರಿ ಹುಡುಗಗ?” ಎನ್ನುವಳು. ಹುಡುಗ ಲಂಗೋಟಿ ಹುಡುಕಿಕೊಂಡು ಹಿತ್ತಿಲ ಬಾಗಿಲಿಂದ ಓಡುತ್ತಿದ್ದ. ಮರುದಿನ ಅವನೇ ಬಂದು ಮಣ್ಣು ಅಗೆಯುತ್ತಿದ್ದ. ಈಗ ಫೋನಿನಲ್ಲಿ ಟಿಣ್ ಎಂದು ಸದ್ದಾಗಿ ‘ಇಂದಿನ ಗುರಿ ಬಾಕಿ ಇದೆ’ ಎಂದು ಬರುತ್ತದೆ. ಒರೆಸಿ ಹಾಕಿದರೆ ಆಯಿತು. ವಸ್ತಾದರನ್ನು ಒರೆಸಿ ಹಾಕಲು ಬರುತ್ತಿರಲಿಲ್ಲ.

ಇನ್ನೊಂದು ಅನುಕೂಲ ಆಗಿನವರಿಗಿತ್ತು: ಜಾತ್ರೆ. ‘ಭಾರಿ ಜಂಗಿ ನಿಕಾಲಿ ಕುಸ್ತಿಗಳು’ ಎಂದು ಗೋಡೆಗೆ ಕಾಗದ ಹಚ್ಚಿದ ಮೇಲೆ ತಪ್ಪಿಸಿಕೊಳ್ಳಲು ದಾರಿಯಿಲ್ಲ. ಸಣ್ಣವರಿಗೆ ತೆಂಗಿನಕಾಯಿ ಕುಸ್ತಿ, ದೊಡ್ಡವರಿಗೆ ಬೆಳ್ಳಿ ಖಡೆ. ಬಸವನ ಬಾಗೇವಾಡಿಯ ಜಾತ್ರೆ ಶ್ರಾವಣದಲ್ಲಿ. ಶ್ರಾವಣ ನಮ್ಮ ಸಲುವಾಗಿ ಮುಂದೆ ಹೋಗುವುದಿಲ್ಲ. ಹಳ್ಳಿಗಳಲ್ಲಿ ಹನುಮಂತದೇವರ ಗುಡಿ ಮುಂದೆ ಒಂದು ಸಂಗ್ರಾಣಿ ಕಲ್ಲು ಬಿದ್ದಿರುತ್ತದೆ, ಕೈ ತಾಗಿ ತಾಗಿ ನುಣುಪಾದದ್ದು. ಹಗಲು ಹುಡುಗರು ಅದರ ಮೇಲೆ ಕೂತು ಚುರುಮುರಿ ತಿನ್ನುತ್ತಾರೆ. ಹೊತ್ತು ಮುಳುಗಿದ ಮೇಲೆ, ಯಾರೂ ಇಲ್ಲವೆಂದು ಖಾತ್ರಿಯಾದಾಗ, ಯಾವನೋ ಒಬ್ಬ ಅದನ್ನು ಅಲುಗಿಸಿ ನೋಡುತ್ತಾನೆ. ಜಾತ್ರೆಯ ದಿನ ಊರೆಲ್ಲ ಸೇರಿದ ಮುಂದೆ ಅದು ಎದೆಗೆ ಬರಬೇಕು, ಹೆಗಲು ದಾಟಬೇಕು. ಬಾರದಿದ್ದರೆ ಮುಂದಿನ ಜಾತ್ರೆಯವರೆಗೆ ಚಹಾದಂಗಡಿಯಲ್ಲಿ ಅದೇ ಸುದ್ದಿ.

ಇದೆಲ್ಲ ಗಂಡಸರ ಕತೆ. ಗರಡಿಯ ಗಿಡ್ಡ ಬಾಗಿಲು ಹೆಣ್ಣುಮಕ್ಕಳಿಗೆ ತೆರೆದಿರಲಿಲ್ಲ, ಅವರಿಗೆ ಅದರ ಅಗತ್ಯವೂ ಬೀಳಲಿಲ್ಲ. ಬೆಳಗಿನ ಜಾವ ಬೀಸುಕಲ್ಲಿನ ಮುಂದೆ ಇಬ್ಬರು ಎದುರುಬದುರು ಕೂತು ಒಂದೇ ಗೂಟ ಹಿಡಿದು ಮನೆಮಂದಿಯ ರೊಟ್ಟಿಗಾಗುವಷ್ಟು ಜೋಳ ಬೀಸಿದರೆ ಹೆಗಲು, ಬೆನ್ನು, ಮುಂಗೈಗಳಿಗೆ ಆಗುವ ಸಾಮು ಯಾವ ಯಂತ್ರದಲ್ಲೂ ಆಗದು. ದಣಿವು ಮರೆಯಲು ಹಾಡು. ಆಗ ಇಂಡಿ ತಾಲೂಕಿಗಿದ್ದು ಈಗ ಚಡಚಣ ತಾಲೂಕಿನಲ್ಲಿರುವ ಹಲಸಂಗಿಯ ಗೆಳೆಯರು, ಮಧುರಚೆನ್ನ, ಸಿಂಪಿ ಲಿಂಗಣ್ಣ ಮತ್ತವರ ಜೊತೆಗಾರರು, ಅಂಥ ಹಾಡುಗಳನ್ನು ಕೂಡಿಸಿ 1931ರಲ್ಲಿ ‘ಗರತಿಯ ಹಾಡು’ ತಂದರು. ಈಗಿನವರು ಕಿವಿಗೆ ಹಾಡು ಸಿಕ್ಕಿಸಿಕೊಂಡು ಓಡುವುದನ್ನು ಕಂಡು ನಗುವವರು ಇದನ್ನು ನೆನೆಯಬೇಕು. ಹಾಡಿಲ್ಲದೆ ಮೈ ದುಡಿಯಲೊಲ್ಲದು ಎಂಬುದನ್ನು ನಮ್ಮ ಅಜ್ಜಿಯರು ಎಂದೋ ಅರಿತಿದ್ದರು. ಗಿರಣಿ ಬಂತು, ಕಲ್ಲು ಹಿತ್ತಿಲು ಸೇರಿತು. ಹೋಯಿತಲ್ಲಾ ಎಂದು ಈಗ ಕಣ್ಣೀರು ಹಾಕುವವರು ಹೆಚ್ಚಾಗಿ ಒಮ್ಮೆಯೂ ಬೀಸದ ಗಂಡಸರು.

ಆದರೆ ಹತ್ತಿ ಬಿಡಿಸಿ, ಕಳೆ ತೆಗೆದು, ತಲೆ ಮೇಲೆ ಮೇವಿನ ಹೊರೆ ಹೊತ್ತು ಬಂದವಳಿಗೆ “ಸ್ವಲ್ಪ ವ್ಯಾಯಾಮ ಮಾಡವ್ವ” ಎನ್ನುವ ಡಾಕ್ಟರುಗಳಿದ್ದಾರೆ. ಅವರ ಮುಂದೆ ಆಕೆ ನಗುವ ನಗು ನೋಡಬೇಕು. ಆಕೆಗೆ ಬೇಕಾದದ್ದು ಒಂದು ತಾಸು ಕಾಲು ಚಾಚಿ ಕೂರುವುದು. ಅದನ್ನು ಬರೆದುಕೊಡುವವರಿಲ್ಲ.

ಗರಡಿಗಳು ತೆಳುವಾದ ಮೇಲೆ ನಮ್ಮ ಊರುಗಳನ್ನು ನಸುಕಿನಲ್ಲಿ ಎಬ್ಬಿಸುತ್ತಿರುವುದು ಪೊಲೀಸ್ ಭರ್ತಿ. ನಾಲ್ಕೂ ತಾಲೂಕಿನ ಡಾಂಬರು ರಸ್ತೆಗಳಲ್ಲಿ, ಇನ್ನೂ ಕತ್ತಲಿರುವಾಗಲೇ, ಬರಿಗಾಲಲ್ಲಿ, ಹರಿದ ಬೂಟಿನಲ್ಲಿ ಹುಡುಗರು ಓಡುತ್ತಾರೆ. ಕಾನ್‌ಸ್ಟೆಬಲ್ ಆಗಲು 1600 ಮೀಟರನ್ನು ಆರೂವರೆ ನಿಮಿಷದಲ್ಲಿ ಮುಗಿಸಬೇಕು. ಹುಡುಗಿಯರಿಗೆ 400 ಮೀಟರ್, ಎರಡು ನಿಮಿಷ. ರಸ್ತೆಯ ಪಕ್ಕದ ಮೈಲಿಗಲ್ಲಿನ ಮೇಲೆ ಒಬ್ಬ ಫೋನ್ ಹಿಡಿದು ಕೂತಿರುತ್ತಾನೆ. “ಆರು ನಲವತ್ತು!” ಎಂದು ಅವನು ಕೂಗಿದರೆ ಓಡಿ ಬಂದವನು ಮೊಣಕಾಲು ಹಿಡಿದು ಬಗ್ಗಿ, “ಮೊದಲ ಬಟನ್ ಒತ್ತಿಬಿಟ್ಟಿ ನೀ, ನಾ ಇನ್ನ ನಿಂತಿದ್ದೆ” ಎಂದು ಜಗಳ ತೆಗೆಯುತ್ತಾನೆ. ಜಗಳ ಆಗುತ್ತಲೇ ಇಬ್ಬರೂ ಮತ್ತೊಂದು ಸುತ್ತು. ಒಬ್ಬೊಬ್ಬರೇ ಆಗಿದ್ದರೆ ಮನೆಗೆ ಹೋಗಿರುತ್ತಿದ್ದರು. 1920ರ ದಶಕದಲ್ಲಿ ಒಟ್ಟೊ ಕೋಲರ್ ಎಂಬ ಮನಶ್ಶಾಸ್ತ್ರಜ್ಞ ಬರ್ಲಿನ್ನಿನ ದೋಣಿ ಕ್ಲಬ್ಬಿನವರಿಂದ ಭಾರ ಎತ್ತಿಸಿ ನೋಡಿದ್ದ. ಇಬ್ಬರು ಕೂಡಿ ಎತ್ತುವಾಗ ದುರ್ಬಲನಾದವನು ಒಂಟಿಯಾಗಿದ್ದಾಗಿನದಕ್ಕಿಂತ ಹೆಚ್ಚು ಹೊತ್ತು ತಡೆಯುತ್ತಾನೆಂದು ಅವನಿಗೆ ತಿಳಿದುಬಂತು. ಬೀಸುಕಲ್ಲಿಗೆ ಇಬ್ಬರು ಕೂರುತ್ತಿದ್ದುದು ನೆನಪಾಗುತ್ತದೆ. ಇನ್ನು ಭರ್ತಿಯಾದ ಮೇಲೆ ಆ ಹುಡುಗರ ಹೊಟ್ಟೆ ಏನಾಗುತ್ತದೆ ಎಂಬುದು ಬೇರೆ ಪ್ರಬಂಧದ ವಿಷಯ, ಅದನ್ನು ಬರೆಯುವ ಧೈರ್ಯ ನನಗಿಲ್ಲ.

ಯುಗಾದಿಗೆ ಮೊದಲು ಶ್ರೀಶೈಲಕ್ಕೆ ಮಲ್ಲಯ್ಯನ ಕಂಬಿಯ ಹಿಂದೆ ನಡೆದು ಹೋಗುವವರದೂ ಇದೇ ಜೊತೆಯ ಕತೆ. ಓಣಿಯ ಕಿರಾಣಿ ಅಂಗಡಿಗೆ ಗಾಡಿ ಮೇಲೆ ಹೋಗುವ ಮನುಷ್ಯ ಉರಿಬಿಸಿಲಲ್ಲಿ ನೂರಾರು ಕಿಲೋಮೀಟರ್ ನಡೆಯುತ್ತಾನೆ. ಕೆಲವರಂತೂ ಮರಗಾಲು ಕಟ್ಟಿಕೊಂಡು ಹೋಗುತ್ತಾರೆ. ದಾರಿಯುದ್ದ ದಾಸೋಹ, ಕಾಲಿಗೆ ಎಣ್ಣೆ ತಿಕ್ಕುವ ಜನ, ಮುಂದೆ ಒಬ್ಬ, ಹಿಂದೆ ಒಬ್ಬ. ಮರಳಿ ಬಂದ ವಾರಕ್ಕೆ ಗಾಡಿಯ ಕೀಲಿ ಕೈಗೆ ಬರುತ್ತದೆ.

ಈಗ ತಾಲೂಕು ಊರುಗಳಲ್ಲೂ ಜಿಮ್ಮುಗಳಾಗಿವೆ, ಗೋಡೆ ತುಂಬ ಕನ್ನಡಿ, ಕೇಳಿದವರಿಗೆ ಪರ್ಸನಲ್ ಟ್ರೇನರ್. ನನಗೆ ಪರಿಚಯದ ಟ್ರೇನರ್ ಒಬ್ಬ ಎತ್ತರ ಕಡಿಮೆ ಬಿದ್ದು ಪೊಲೀಸ್ ಭರ್ತಿಯಿಂದ ಮರಳಿದವನು. ದಂಡಕ್ಕೆ ಅವನು ಪುಷ್ ಅಪ್ ಎನ್ನುತ್ತಾನೆ, ಬೈಠಕಿಗೆ ಸ್ಕ್ವಾಟ್ ಎನ್ನುತ್ತಾನೆ. ಕಲಿಸುವುದು ಫೋನಿನಲ್ಲಿ ಪುಕ್ಕಟೆ ಸಿಗುವುದನ್ನೇ. ಆದರೂ ಜನ ಅವನಿಗೆ ದುಡ್ಡು ಕೊಡುತ್ತಾರೆ, ಕೊಡುವುದು ಸರಿಯೂ ಹೌದು. ಎರಡು ದಿನ ಹೋಗದಿದ್ದರೆ ಅವನೇ ಫೋನ್ ಮಾಡಿ, “ಯಾಕ್ರಿ ಕಾಕಾ, ಮೈಯಾಗ ಆರಾಮ ಇಲ್ಲೇನ್ರಿ?” ಎಂದು ಕೇಳುತ್ತಾನೆ. ಫೀ ಇರುವುದು ಆ ಪ್ರಶ್ನೆಗೆ. ಮನಸ್ಸು ಗಟ್ಟಿ ಮಾಡಿಕೋ ಎಂದು ಬರೆದ ಪುಸ್ತಕಗಳೆಲ್ಲ ಒಂದು ಕಡೆ, ಕಾಯುತ್ತ ನಿಂತ ಒಬ್ಬ ಮನುಷ್ಯ ಒಂದು ಕಡೆ ಇಟ್ಟರೆ ನನ್ನ ಓಟು ಆ ಮನುಷ್ಯನಿಗೇ.

ಆದ್ದರಿಂದ ಸಿಂದಗಿಯ ನಮ್ಮ ಓಣಿಯಲ್ಲಿ ಮುಂಜಾನೆ ಐದೂವರೆಗೆ ಎದ್ದು ಅಡ್ಡಾಡುವವರು ಯಾರಾದರೂ ಇದನ್ನು ಓದಿದ್ದರೆ ಒಂದು ವಿನಂತಿ. ಹೋಗುವಾಗ ನಮ್ಮ ಮನೆ ಚಿಲಕ ಬಡಿಯಿರಿ. ಫೋನ್ ಮಾಡಬೇಡಿ, ಅದನ್ನು ಬಂದ್ ಮಾಡಿ ಮಲಗುವುದು ನನ್ನ ರೂಢಿ. ಎದುರು ಮನೆಯವರಿಗೂ ಕೇಳುವಂತೆ ಹೆಸರು ಹಿಡಿದು ಕೂಗಿ. ನಮ್ಮ ಮನೆಯವರು ಹೊರಗೆ ಬಂದು “ರಾತ್ರಿಯಿಂದ ಅವರಿಗೆ ಆರಾಮ ಇಲ್ರಿ” ಎಂದರೆ ನಂಬಬೇಡಿ, ಹಾಗೆ ಹೇಳಲು ಹೇಳಿಕೊಟ್ಟವನು ನಾನೇ.